ಮಂಡಿ ಪಟ್ಟಿಯ ಬೆನ್ನಿಗೆ ಎರಡು ಪದ

ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿಯಲ್ಲಿರುವ ಸೋದರಮಾವನ ಮನೆಯಲ್ಲಿ ಹಳೆಯ ಕಬ್ಬಿಣದ ಟ್ರಂಕೊಂದಿದೆ. ಪಹಣಿ, ಕಂದಾಯದ ರಸೀದಿ, ಸೊಸೈಟಿ ಸಾಲದ ಪುಸ್ತಕಗಳ ಕೆಳಗೆ, ಸೆಣಬಿನ ದಾರ ಸುತ್ತಿದ ಒಂದು ಕಟ್ಟು. ಬಿಚ್ಚಿದರೆ ಈರುಳ್ಳಿ ಮಂಡಿಯ ಪಟ್ಟಿಗಳು. ಚೀಲ ಎಷ್ಟು, ತೂಕ ಎಷ್ಟು, ದರ ಎಷ್ಟು, ಲಾರಿ ಬಾಡಿಗೆ, ಹಮಾಲಿ, ಕೊನೆಗೆ ಕೈಗೆ ಬಂದ ಮೊತ್ತ. ಒಂದೊಂದು ಪಟ್ಟಿಯೂ ಒಂದು ವರ್ಷದ ದುಡಿಮೆಯ ಲೆಕ್ಕ.

ಅವುಗಳಲ್ಲಿ ಎರಡು ಪಟ್ಟಿಗಳನ್ನು ಮಾವ ಪಿನ್ ಹಾಕಿ ಜೋಡಿಸಿಟ್ಟಿದ್ದರು. ಒಂದು 2019ರ ಸೆಪ್ಟೆಂಬರ್ 26ರದು, ಇನ್ನೊಂದು ಅಕ್ಟೋಬರ್ 1ರದು. ಎರಡನೆಯದರ ಬೆನ್ನಿಗೆ ನೀಲಿ ಶಾಯಿಯಲ್ಲಿ ಎರಡೇ ಪದ: ‘ರಫ್ತು ಬಂದ್’.

“ಮಾವ, ಇದೇನು ಬರ್ದಿಟ್ಟೀರಿ?” ಎಂದೆ.

“ಅವತ್ತು ಮಂಡಿನಾಗೆ ಎಲ್ಲರ ಬಾಯಾಗೂ ಅದೇ ಮಾತು ಕಣಪ್ಪ. ಯಾರು ಬಂದ್ ಮಾಡಿದ್ರು, ಎಲ್ಲಿ ಬರ್ದೈತೆ, ನಾನೇನು ನೋಡಿಲ್ಲ. ನೀನು ಓದಿದೋನು, ಹುಡುಕಿ ಹೇಳು” ಎಂದರು.

ಆ ಎರಡು ಪಟ್ಟಿಗಳ ದರಕ್ಕೆ ವ್ಯತ್ಯಾಸವಿತ್ತು. ಆದರೆ ಮಳೆಗೆ ನೆನೆದ ಗೆಡ್ಡೆ, ಆ ದಿನದ ಆವಕ, ಗಾತ್ರ ಹೀಗೆ ದರ ಬದಲಾಗಲು ಕಾರಣ ಹತ್ತಿರುತ್ತವೆ. ಒಂದು ಮನೆಯ ಎರಡು ಪಟ್ಟಿ ಹಿಡಿದು ದೇಶದ ನೀತಿಯನ್ನು ತೂಗಬಾರದು. ಹಾಗಾಗಿ ದರವನ್ನು ಪಕ್ಕಕ್ಕಿಟ್ಟು ಆ ಎರಡು ಪದಗಳ ಬೆನ್ನು ಹತ್ತಿದೆ.

ಮೊದಲು ಸಿಕ್ಕಿದ್ದು ಮೂಲ ಅಧಿಸೂಚನೆಯೇ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಹೊರಡಿಸಿದ್ದು. ತುಂಬ ಚಿಕ್ಕದು. ಅದರ ತಿರುಳು ಒಂದು ಸಣ್ಣ ಕೋಷ್ಟಕ: ಸರಕಿನ ಸಂಕೇತ ಸಂಖ್ಯೆ, ಹೆಸರು, ಈವರೆಗಿನ ನೀತಿ, ಹೊಸ ನೀತಿ. ‘ಮುಕ್ತ’ ಎಂದಿದ್ದ ಕಡೆ ‘ನಿಷೇಧಿತ’ ಎಂದಾಗಿದೆ. ಎಲ್ಲ ಬಗೆಯ ಈರುಳ್ಳಿಯ ರಫ್ತು ತಕ್ಷಣದಿಂದ ನಿಂತಿದೆ. ದಿನಾಂಕ 2019ರ ಸೆಪ್ಟೆಂಬರ್ 29. ಹಳೆಯ ಕ್ಯಾಲೆಂಡರ್ ತೆಗೆದು ನೋಡಿದೆ, ಅಂದು ಭಾನುವಾರ. ಅದೇ ದಿನ ದಾಸ್ತಾನಿಗೂ ಮಿತಿ ಬಿತ್ತು: ಚಿಲ್ಲರೆ ವ್ಯಾಪಾರಿಗೆ 100 ಕ್ವಿಂಟಲ್, ಸಗಟು ವ್ಯಾಪಾರಿಗೆ 500 ಕ್ವಿಂಟಲ್. ಮಾವನ ಎರಡು ಪಟ್ಟಿಗಳ ನಡುವೆ ಬಿದ್ದದ್ದು ಈ ಭಾನುವಾರ.

ಇಷ್ಟು ಚಿಕ್ಕ ಕಾಗದಕ್ಕೆ ಇಷ್ಟು ಬಲ ಎಲ್ಲಿಂದ ಬಂತು? 1992ರ ವಿದೇಶ ವ್ಯಾಪಾರ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ 3ನೇ ಪ್ರಕರಣದಿಂದ. ಯಾವ ಸರಕು ಒಳಗೆ ಬರಬೇಕು, ಯಾವುದು ಹೊರಗೆ ಹೋಗಬೇಕು ಎಂದು ಆದೇಶ ಹೊರಡಿಸುವ ಅಧಿಕಾರವನ್ನು ಅದು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದಕ್ಕೂ ಮೊದಲು ಇದ್ದದ್ದು 1947ರ ಆಮದು ಮತ್ತು ರಫ್ತು ನಿಯಂತ್ರಣ ಕಾಯ್ದೆ. ಹೆಸರಿನಲ್ಲಿ ‘ನಿಯಂತ್ರಣ’ದ ಮುಂದೆ ‘ಅಭಿವೃದ್ಧಿ’ ಬಂದು ಕೂತಿತು. ಉದ್ದಿಮೆಯ ಸರಕುಗಳಿಗೆ ಅದರ ಫಲ ಸಿಕ್ಕಿತು. ಈರುಳ್ಳಿಯ ಮಟ್ಟಿಗೆ ಹಳೆಯ ಹಿಡಿತ ಸಡಿಲವಾಗಲಿಲ್ಲ.

ಆ ಹಿಡಿತ ಮೂರು ಬಗೆಯದು. ಒಂದು, ನೇರ ನಿಷೇಧ. ಎರಡು, ಕನಿಷ್ಠ ರಫ್ತು ಬೆಲೆ. ಇಂತಿಷ್ಟು ಡಾಲರ್‌ಗಿಂತ ಕಡಿಮೆಗೆ ಒಂದು ಟನ್ನನ್ನೂ ಹೊರಗೆ ಕಳಿಸುವಂತಿಲ್ಲ ಎನ್ನುವ ಷರತ್ತು. ಆ ಬೆಲೆಯನ್ನು ಹೊರಗಿನ ಪೇಟೆಗಿಂತ ಎತ್ತರಕ್ಕೆ ಇಟ್ಟರೆ ‘ನಿಷೇಧ’ ಎಂದು ಬರೆಯದೆಯೇ ರಫ್ತು ನಿಲ್ಲುತ್ತದೆ. ಮೂರು, ರಫ್ತು ಸುಂಕ. ಇದು ಡಿಜಿಎಫ್‌ಟಿಯದಲ್ಲ, ಹಣಕಾಸು ಸಚಿವಾಲಯದ ಕೈಯಲ್ಲಿರುವುದು. 2023-24ರ ಹಂಗಾಮಿನಲ್ಲಿ ಮೂರೂ ಒಂದರ ಹಿಂದೆ ಒಂದು ಬಂದವು: ಆಗಸ್ಟ್ 19ಕ್ಕೆ ಶೇ. 40 ಸುಂಕ, ಅಕ್ಟೋಬರ್ 28ರ ಅಧಿಸೂಚನೆಯಲ್ಲಿ ಟನ್ನಿಗೆ 800 ಡಾಲರ್ ಕನಿಷ್ಠ ಬೆಲೆ, ಡಿಸೆಂಬರ್ 8ರಿಂದ ಪೂರ್ತಿ ನಿಷೇಧ.

ಇಲ್ಲಿಗೆ ಮಾವನ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಆದರೆ ದಿನಾಂಕಗಳು ನನ್ನನ್ನು ಬಿಡಲಿಲ್ಲ. ಒಂದು ಹಾಳೆಯ ಎಡಕ್ಕೆ ಜಗಳೂರಿನ ಬೆಳೆಯ ತಿಂಗಳುಗಳನ್ನು ಬರೆದೆ. ಮುಂಗಾರು ಹಿಡಿದರೆ ಬಿತ್ತನೆ ಜೂನ್, ಜುಲೈ. ಕೀಳುವುದು ಸೆಪ್ಟೆಂಬರ್‌ನಿಂದ ನವೆಂಬರ್. ಬಲಕ್ಕೆ ಕಡತಗಳಲ್ಲಿ ಸಿಕ್ಕ ಆದೇಶಗಳನ್ನು ಬರೆಯುತ್ತಾ ಹೋದೆ.

2010ರ ಡಿಸೆಂಬರ್: ನಿಷೇಧ. 2011ರ ಸೆಪ್ಟೆಂಬರ್ 9: ನಿಷೇಧ. 2013ರ ಆಗಸ್ಟ್ 14: ಕನಿಷ್ಠ ಬೆಲೆ 650 ಡಾಲರ್, ನವೆಂಬರ್ ಹೊತ್ತಿಗೆ 1,150. 2015ರ ಆಗಸ್ಟ್: 700. 2017ರ ನವೆಂಬರ್ 23: 850. 2019ರ ಸೆಪ್ಟೆಂಬರ್ 13: ಮತ್ತೆ 850, ಎರಡು ವಾರ ಕಳೆದು ನಿಷೇಧ. 2020ರ ಸೆಪ್ಟೆಂಬರ್ 14: ನಿಷೇಧ. 2023: ಆಗಸ್ಟ್, ಅಕ್ಟೋಬರ್, ಡಿಸೆಂಬರ್.

ಇನ್ನು ಬಾಗಿಲು ತೆರೆದ ದಿನಗಳು. 2011ರ ಫೆಬ್ರವರಿ. 2014ರ ಮಾರ್ಚ್. 2015ರ ಡಿಸೆಂಬರ್ 24. 2018ರ ಫೆಬ್ರವರಿ. 2020ರ ಮಾರ್ಚ್ 15. 2021ರ ಜನವರಿ 1. 2024ರ ಮೇ 4. ಶೇ. 20ಕ್ಕೆ ಇಳಿದಿದ್ದ ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ಕ್ಕೆ.

ಹಾಳೆಯನ್ನು ದೂರ ಹಿಡಿದು ನೋಡಿದೆ. ನಮ್ಮ ಹೊಲದಲ್ಲಿ ಗೆಡ್ಡೆ ಬಲಿಯುವ ಹೊತ್ತಿಗೆ ಬಾಗಿಲು ಮುಚ್ಚುತ್ತದೆ. ನಮ್ಮ ಕೊನೆಯ ಚೀಲ ಲಾರಿ ಹತ್ತಿದ ಮೇಲೆ ತೆರೆಯುತ್ತದೆ.

ಇದಕ್ಕೆ ಒಪ್ಪದ ಸಾಲುಗಳೂ ಇವೆ, ಅವನ್ನು ಮುಚ್ಚಿಡುವುದು ತಪ್ಪು. 2011ರ ನಿಷೇಧ ಸೆಪ್ಟೆಂಬರ್ 20ಕ್ಕೇ ತೆರವಾಯಿತು. 2014ರಲ್ಲಿ ಕನಿಷ್ಠ ಬೆಲೆ ಬಂದದ್ದು ಜೂನ್‌ನಲ್ಲಿ, ಆಗಸ್ಟ್‌ನಲ್ಲಿ ಇಳಿಯಿತು. 2024ರ ಸೆಪ್ಟೆಂಬರ್ 13ರಂದು ಕನಿಷ್ಠ ಬೆಲೆಯನ್ನು ತೆಗೆದು ಸುಂಕವನ್ನು ಅರ್ಧಕ್ಕೆ ಇಳಿಸಿದ್ದು ನಮ್ಮ ಕೊಯ್ಲಿನ ಬಾಗಿಲಲ್ಲೇ. ಆದರೂ ಹಾಳೆಯ ಒಟ್ಟು ನಡೆ ಬದಲಾಗುವುದಿಲ್ಲ.

ಇದರ ಹಿಂದೆ ಯಾರದೋ ಹಗೆತನವಿಲ್ಲ, ಪಂಚಾಂಗದ ಲೆಕ್ಕವಿದೆ. ದೇಶದ ಈರುಳ್ಳಿಯಲ್ಲಿ ಶೇ. 70ಕ್ಕೂ ಹೆಚ್ಚು ಹಿಂಗಾರಿನದು. ಮಹಾರಾಷ್ಟ್ರ, ಮಧ್ಯಪ್ರದೇಶಗಳಲ್ಲಿ ಬೇಸಿಗೆಗೆ ಕಿತ್ತು ಗಾಳಿಯಾಡುವ ಉಗ್ರಾಣದಲ್ಲಿ ಇಟ್ಟರೆ ಮಳೆಗಾಲದವರೆಗೂ ಬಾಳುವ ಗೆಡ್ಡೆ ಅದು. ಆಗಸ್ಟ್ ದಾಟುತ್ತಲೇ ಆ ದಾಸ್ತಾನು ಕರಗುತ್ತದೆ, ದರ ಏರುತ್ತದೆ, ದೆಹಲಿ ಎಚ್ಚೆತ್ತುಕೊಳ್ಳುತ್ತದೆ. ಸರಿಯಾಗಿ ಆ ಖಾಲಿ ಜಾಗ ತುಂಬಲು ಬರುವುದು ಜಗಳೂರು, ಚಳ್ಳಕೆರೆ, ಚಿತ್ರದುರ್ಗದ ಮುಂಗಾರು ಈರುಳ್ಳಿ. ಇದರಲ್ಲಿ ನೀರಿನಂಶ ಹೆಚ್ಚು, ತಿಂಗಳುಗಟ್ಟಲೆ ಇಡಲಾಗದು. ಬಾಗಿಲು ತೆರೆಯಲಿ ಎಂದು ಕಾದು ಕೂರುವ ಗುಣ ನಾಸಿಕದ ಬೇಸಿಗೆ ಗೆಡ್ಡೆಗೆ ಇದೆ, ನಮ್ಮದಕ್ಕಿಲ್ಲ. ಒಂದೇ ಕಾನೂನು ಎರಡು ಹೊಲಗಳ ಮೇಲೆ ಎರಡು ತೂಕದಲ್ಲಿ ಬೀಳುತ್ತದೆ.

ಬಳಸುವವರ ಮಾತನ್ನೂ ಕೇಳಬೇಕು. 2019ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಿಲೋ ಈರುಳ್ಳಿ 200 ರೂಪಾಯಿ ಮುಟ್ಟಿತ್ತು. ಕೂಲಿಯವರ ಮನೆಯ ಒಗ್ಗರಣೆಗೆ ಅದು ದೊಡ್ಡ ಪೆಟ್ಟು, ಜಗಳೂರಿನಲ್ಲೂ ಕೊಂಡು ತಿನ್ನುವವರೇ ಹೆಚ್ಚು. ಆಗ ಸರ್ಕಾರ ಆಮದಿನ ಬಾಗಿಲು ತೆರೆಯಿತು. ಟರ್ಕಿ, ಈಜಿಪ್ಟ್‌ಗಳಿಂದ ಗೆಡ್ಡೆ ತರಿಸಿತು. 2003ರ ಸಸ್ಯ ಕ್ವಾರಂಟೈನ್ ಆದೇಶದಲ್ಲಿರುವ ಹೊಗೆ ಹಾಕಿಸುವ ಷರತ್ತನ್ನು ನವೆಂಬರ್‌ನಲ್ಲೇ ಸಡಿಲಿಸಿತು. ಅಡುಗೆಮನೆಗಾಗಿ ನಿಯಮ ಬಾಗಿದ್ದು ಸರಿಯೇ. ಬಾಗುವ ಶಕ್ತಿ ನಿಯಮಕ್ಕೆ ಇದೆ ಎಂಬುದಕ್ಕೂ ಅದು ಸಾಕ್ಷಿ.

ಬಾಗಿದ ಬೇರೆ ಸಂದರ್ಭಗಳನ್ನು ಹುಡುಕಿದಾಗ ಸಿಕ್ಕಿದ್ದು ಹೆಸರುಗಳು. 2019ರ ನಿಷೇಧದ ನಡುವೆಯೇ ಅಕ್ಟೋಬರ್ ಕೊನೆಗೆ ‘ಬೆಂಗಳೂರು ರೋಸ್’ ಈರುಳ್ಳಿಗೆ 9,000 ಟನ್ ರಫ್ತಿನ ಅನುಮತಿ ಬಂತು, ಚೆನ್ನೈ ಬಂದರಿನಿಂದ ಮಾತ್ರ. 2020ರ ಅಕ್ಟೋಬರ್ 9ಕ್ಕೆ ಅದಕ್ಕೆ 10,000 ಟನ್, ಆಂಧ್ರದ ‘ಕೃಷ್ಣಾಪುರಂ’ ಈರುಳ್ಳಿಗೂ 10,000 ಟನ್. 2023ರ ಸೆಪ್ಟೆಂಬರ್‌ನಲ್ಲಿ ಶೇ. 40 ಸುಂಕದಿಂದಲೂ ಬೆಂಗಳೂರು ರೋಸ್‌ಗೆ ವಿನಾಯಿತಿ. ಇದು ಆ ತಳಿಯೇ ಹೌದು ಎಂದು ಕರ್ನಾಟಕದ ತೋಟಗಾರಿಕೆ ಆಯುಕ್ತರ ಪ್ರಮಾಣಪತ್ರ ಇದ್ದರೆ ಸಾಕಿತ್ತು. 2024ರ ಏಪ್ರಿಲ್‌ನಲ್ಲಿ ಗುಜರಾತಿನ ಬಿಳಿ ಈರುಳ್ಳಿಗೆ 2,000 ಟನ್.

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ರೋಸ್ ಈರುಳ್ಳಿಯನ್ನು ನಮ್ಮಲ್ಲಿ ತಿನ್ನುವವರು ಕಡಿಮೆ. ಮಲೇಷ್ಯಾ, ಸಿಂಗಪುರದ ಕಡೆಗೇ ಅದರ ಗಿರಾಕಿ. ಅದಕ್ಕೆ ಭೌಗೋಳಿಕ ಸೂಚಿಕೆಯೂ ಇದೆ. ಆ ರೈತರಿಗೆ ಸಿಕ್ಕ ವಿನಾಯಿತಿ ನ್ಯಾಯವಾದದ್ದೇ. ಆದರೆ ಪಕ್ಕದ ಬಳ್ಳಾರಿಯ ಹೆಸರನ್ನು ಹೊತ್ತು ತಮಿಳುನಾಡಿನ ಪೇಟೆಗಳಲ್ಲೆಲ್ಲ ‘ಬಳ್ಳಾರಿ’ ಎಂದೇ ಕರೆಸಿಕೊಳ್ಳುವ ದೊಡ್ಡ ಈರುಳ್ಳಿಗೆ ಅಧಿಸೂಚನೆಯ ಕೋಷ್ಟಕದಲ್ಲಿ ಯಾವ ಹೆಸರೂ ಇಲ್ಲ. ‘ಎಲ್ಲ ಬಗೆಯ ಈರುಳ್ಳಿ’ ಎಂಬ ಮಾತಿನೊಳಗೆ ಜಗಳೂರು ಕರಗಿಹೋಗಿದೆ.

ನಮ್ಮ ಜಿಲ್ಲೆಯಲ್ಲೇ ಹೋಲಿಸಲು ಇನ್ನೊಂದು ಬೆಳೆಯಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಕಡೆ ಅಡಿಕೆ. ಅಲ್ಲಿ ಭಯವಿರುವುದು ಒಳಬರುವ ಮಾಲಿನದು. ಅದಕ್ಕಾಗಿ ಶೇ. 100 ಆಮದು ಸುಂಕವಿದೆ, ಕನಿಷ್ಠ ಆಮದು ಬೆಲೆಯನ್ನು 2023ರ ಫೆಬ್ರವರಿ 14ರಂದು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಲಾಗಿದೆ. ಭೂತಾನದಿಂದ ಬರುವ 17,000 ಟನ್ ಹಸಿ ಅಡಿಕೆಗೆ ಆ ಷರತ್ತಿನಿಂದ ರಿಯಾಯಿತಿ ಕೊಟ್ಟಾಗ ಮಲೆನಾಡಿನಿಂದ ಕರಾವಳಿಯವರೆಗೆ ಪ್ರಶ್ನೆ ಎದ್ದಿತು. ಅಡಿಕೆಯ ಬೆನ್ನಿಗೆ ಚನ್ನಗಿರಿಯ ತುಮ್ಕೋಸ್‌ನಂಥ ಸಹಕಾರ ಸಂಘಗಳಿವೆ, ಒಣಗಿದ ಅಡಿಕೆ ಕಾಯುತ್ತದೆ, ಬೆಳೆಗಾರನೂ ಕಾಯಬಲ್ಲ. ಭದ್ರಾ ನೀರಿನ ಸೀಮೆಯ ಬೆಳೆಗೆ ಒಂದು ಗೋಡೆಯ ರಕ್ಷಣೆ ಇದೆ. ಮಳೆ ನಂಬಿದ ಜಗಳೂರಿನ ಬೆಳೆಗೆ ಒಂದು ಬಾಗಿಲಿದೆ, ಅದರ ಚಿಲಕ ಹೊರಗಡೆಯಿದೆ.

ವಿಶ್ವ ವ್ಯಾಪಾರ ಸಂಸ್ಥೆಯ ಕಡತಗಳನ್ನೂ ತಿರುವಿದೆ. 1947ರ ಗ್ಯಾಟ್ ಒಪ್ಪಂದದ 11ನೇ ಕಲಮು ರಫ್ತು ನಿಷೇಧವನ್ನು ಒಪ್ಪುವುದಿಲ್ಲ. ಆದರೆ ಆಹಾರದ ತೀವ್ರ ಕೊರತೆ ತಡೆಯಲು ತಾತ್ಕಾಲಿಕವಾಗಿ ಹೇರಬಹುದು ಎನ್ನುತ್ತದೆ. ಹಾಗೆ ಹೇರುವ ದೇಶ ಮೊದಲೇ ತಿಳಿಸಬೇಕು, ಕೊಳ್ಳುವ ದೇಶದ ಆಹಾರದ ಬಗ್ಗೆಯೂ ಯೋಚಿಸಬೇಕು ಎನ್ನುವುದು ಕೃಷಿ ಒಪ್ಪಂದದ 12ನೇ ಕಲಮು. ಅಭಿವೃದ್ಧಿಶೀಲ ದೇಶಗಳಿಗೆ ಅದರಿಂದ ರಿಯಾಯಿತಿ ಉಂಟು. ಆದರೆ ಆ ಆಹಾರವನ್ನು ಕೊಳ್ಳುವುದಕ್ಕಿಂತ ಹೆಚ್ಚು ಮಾರುವ ದೇಶವಾಗಿದ್ದರೆ ಆ ರಿಯಾಯಿತಿ ಇಲ್ಲ. 2022-23ರಲ್ಲಿ 25 ಲಕ್ಷ ಟನ್‌ಗೂ ಹೆಚ್ಚು ಈರುಳ್ಳಿ ಮಾರಿದ ದೇಶ ನಮ್ಮದು. ಮರುವರ್ಷ ಅದು 17.17 ಲಕ್ಷ ಟನ್‌ಗೆ ಇಳಿಯಿತು.

ಮುನ್ಸೂಚನೆ ಹೊರದೇಶದವರಿಗೆ ಸಲ್ಲಬೇಕು ಎಂದು ಜಗತ್ತು ಒಪ್ಪಿಕೊಂಡಿದೆ. ರಫ್ತುದಾರನಿಗೂ ಒಂದಿಷ್ಟು ರಕ್ಷಣೆ ಇದೆ. 2023ರ ಡಿಸೆಂಬರ್ ನಿಷೇಧಕ್ಕೆ ಮೊದಲೇ ಹಡಗಿಗೆ ಏರುತ್ತಿದ್ದ, ಕಸ್ಟಮ್ಸ್‌ಗೆ ಒಪ್ಪಿಸಿದ್ದ ಮಾಲಿಗೆ ಹೊರಡಲು ಅವಕಾಶ ಕೊಡಲಾಯಿತು. ಬಂದರು ತಲುಪಿದ ಚೀಲವನ್ನು ಕಾನೂನು ಗುರುತಿಸುತ್ತದೆ. ಮಣ್ಣಿನೊಳಗಿರುವ ಗೆಡ್ಡೆಯನ್ನು ಗುರುತಿಸುವ ಒಂದು ಸಾಲೂ ನಾನು ಓದಿದ ಯಾವ ಅಧಿಸೂಚನೆಯಲ್ಲೂ ಇಲ್ಲ.

ಹಾಳೆಯನ್ನು ಮಾವನ ಮುಂದಿಟ್ಟೆ. ಎಡ ಬಲಗಳ ತಿಂಗಳುಗಳನ್ನು ಬೆರಳಿಟ್ಟು ಓದಿದರು. “ಬಂದ್ ಮಾಡ್ಲಿ, ಊರಿಗೆ ಬೇಕಾದ್ರೆ ಮಾಡ್ಲೇಬೇಕು. ಬೀಜ ಹಾಕೋಕ್ ಮುಂಚೆ ಹೇಳಿದ್ರೆ ನಾವು ಶೇಂಗಾನೋ ಮೆಕ್ಕೆಜೋಳನೋ ಹಾಕ್ಕೊಂತಿದ್ವಿ” ಎಂದರು.

ಇಡೀ ಹುಡುಕಾಟದ ತೀರ್ಪು ಆ ಮಾತಿನಲ್ಲಿದೆ. ಕೊರತೆಯ ವರ್ಷದಲ್ಲಿ ದೇಶ ತನ್ನ ಜನರಿಗೆ ಮೊದಲು ಉಣಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವರ್ಷದ ರಫ್ತು ನೀತಿಯ ಅಂದಾಜು ಮೇ ಕೊನೆಯೊಳಗೆ ರೈತನ ಕಿವಿಗೆ ಬೀಳಲಿ. ನಡುವೆ ಬಾಗಿಲು ಮುಚ್ಚಲೇಬೇಕಾದರೆ, ಬೇಸಿಗೆಯಲ್ಲಿ ಹಿಂಗಾರು ಗೆಡ್ಡೆ ಕೊಳ್ಳುವ ಸರ್ಕಾರಿ ಸಂಸ್ಥೆಗಳು ಅಕ್ಟೋಬರ್‌ನಲ್ಲಿ ಜಗಳೂರು, ಚಳ್ಳಕೆರೆಗಳಲ್ಲೂ ತಕ್ಕಡಿ ಇಡಲಿ. ತೋಟಗಾರಿಕೆ ಇಲಾಖೆ ರೋಸ್ ಈರುಳ್ಳಿಗೆ ಕೊಡುವ ಪ್ರಮಾಣಪತ್ರದ ಹಾಗೆ ಮಧ್ಯ ಕರ್ನಾಟಕದ ಮುಂಗಾರು ಗೆಡ್ಡೆಗೂ ಒಂದು ಗುರುತು ಕೊಡಲಿ.

ಓದುವ ರೈತರಲ್ಲಿ ನನ್ನದೊಂದು ಕೋರಿಕೆ. ಮಂಡಿಯ ಪಟ್ಟಿಗಳನ್ನು ಎಸೆಯಬೇಡಿ. ದಿನಾಂಕ ಕಾಣುವ ಹಾಗೆ ಜೋಡಿಸಿಡಿ, ಬೆನ್ನಿಗೆ ಆ ದಿನ ಕೇಳಿದ್ದನ್ನು ಬರೆದಿಡಿ. ಕೇಳುವ ದಿನ ಬಂದಾಗ ನಮ್ಮ ಕೈಯಲ್ಲಿರುವ ದಾಖಲೆ ಅದೊಂದೇ.