‘ಫಿರಂಗಿ’ ಶಬ್ದದ ಅರ್ಥವಿಚಾರ

೧

ಕಾಳೀ ನದಿಯ ಉತ್ತರ ದಂಡೆಯಲ್ಲಿ, ಸದಾಶಿವಗಡದಿಂದ ಕೆಲವೇ ಮೈಲು ಒಳಗೆ, ಹಣಕೋಣವೆಂಬ ಗ್ರಾಮವಿದೆ. ಅಲ್ಲಿಯ ಮನೆಮಾತು ಹೆಚ್ಚಾಗಿ ಕೊಂಕಣಿ. ಆಡಳಿತದ ಭಾಷೆ ಕನ್ನಡ. ಹಿಂದಿನ ತಲೆಮಾರಿನವರಲ್ಲಿ ಶಾಲೆಯ ಓದನ್ನು ಮರಾಠಿಯಲ್ಲಿ ಮಾಡಿದವರೂ ಅನೇಕರು. ಈ ಊರಿನ ಒಬ್ಬ ವಿದ್ಯಾರ್ಥಿಯೂ ಧಾರವಾಡದ ಕಡೆಯ ಇನ್ನೊಬ್ಬ ವಿದ್ಯಾರ್ಥಿಯೂ ಒಮ್ಮೆ ನನ್ನ ತರಗತಿಯಲ್ಲಿ ಒಂದೇ ವಾಕ್ಯಕ್ಕೆ ಎರಡು ಬೇರೆ ಅರ್ಥಗಳನ್ನು ಹೇಳಿದರು. ವಾಕ್ಯವು ಅಭ್ಯಾಸಕ್ಕಾಗಿ ನಾನೇ ಹಲಗೆಯ ಮೇಲೆ ಬರೆದದ್ದು: ‘ಗಡದಲ್ಲಿ ಫಿರಂಗಿಯ ಭಯ ಹೆಚ್ಚಿತು.’ ಧಾರವಾಡದ ವಿದ್ಯಾರ್ಥಿಯು ಶತ್ರುವಿನ ತೋಪುಗಳಿಗೆ ಗಡದವರು ಅಂಜಿದರೆಂದು ಅರ್ಥಮಾಡಿದನು. ಹಣಕೋಣದವನು ಪೋರ್ತುಗೀಸರಿಗೆ ಅಂಜಿದರೆಂದು ಹೇಳಿದನು. ಇಬ್ಬರೂ ತಮ್ಮ ತಮ್ಮ ಮನೆಯ ಮಾತಿಗೆ ನಿಷ್ಠರಾಗಿಯೇ ಇದ್ದರು. ಯಾರನ್ನೂ ತಿದ್ದುವ ಹಾಗಿರಲಿಲ್ಲ.

ಎರವಲು ಬಂದ ಒಂದು ಪದ ಬೇರೆ ಬೇರೆ ಭಾಷೆಗಳಲ್ಲಿ ಬೇರೆ ಬೇರೆ ಅರ್ಥವನ್ನು ತಾಳುವುದು ಅಪರೂಪವಲ್ಲ. ಸಾಮಾನ್ಯವಾಗಿ ಇದನ್ನು ‘ಅಪಭ್ರಂಶ’ವೆಂದೋ ‘ಜನರ ತಪ್ಪು ತಿಳಿವಳಿಕೆ’ಯೆಂದೋ ಹೇಳಿ ಬಿಟ್ಟುಬಿಡುತ್ತೇವೆ. ಹಾಗೆ ಬಿಡುವುದು ಇತಿಹಾಸಕಾರನಿಗೆ ನಷ್ಟ. ಪದದ ರೂಪವು ಅದು ಯಾವ ದಾರಿಯಿಂದ ಬಂದಿತೆಂಬುದನ್ನೂ, ಅದರ ಅರ್ಥವು ಅದನ್ನು ಎರವಲು ಪಡೆದವರಿಗೆ ಪರಕೀಯರೊಡನೆ ಎಂಥ ಸಂಬಂಧವಿತ್ತೆಂಬುದನ್ನೂ ಸೂಚಿಸುತ್ತದೆ. ‘ಫಿರಂಗಿ’ ಶಬ್ದವನ್ನೇ ಉದಾಹರಣೆಯಾಗಿಟ್ಟುಕೊಂಡು ಈ ಮಾತನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಿದೆ.

೨

ಶಬ್ದದ ಮೂಲ ನಿರ್ವಿವಾದವಾದುದು. ರೈನ್ ನದಿಯ ಕೆಳಪ್ರದೇಶದಲ್ಲಿದ್ದ ಫ್ರಾಂಕ್ ಎಂಬ ಜರ್ಮಾನಿಕ್ ಜನಾಂಗದ ಹೆಸರೇ ಅದರ ಬೇರು. ಇವರಿಂದಲೇ ಫ್ರಾನ್ಸ್ ದೇಶಕ್ಕೆ ಹೆಸರು ಬಂದಿತು. ೧೦೯೬ರಿಂದ ಆರಂಭವಾದ ಧರ್ಮಯುದ್ಧಗಳ ಕಾಲದಲ್ಲಿ ಪಶ್ಚಿಮ ಯುರೋಪಿನಿಂದ ಬಂದ ಕ್ರೈಸ್ತರನ್ನೆಲ್ಲ, ಅವರು ಯಾವ ದೇಶದವರೇ ಆಗಿರಲಿ, ಅರಬರು ‘ಇಫ್ರಂಜ್’ ಎಂದು ಕರೆದರು. ಪಾರಸಿಯಲ್ಲಿ ಅದು ‘ಫರಂಗ್’ ಎಂದಾಯಿತು. ಹೀಗೆ ನಮ್ಮ ದೇಶವನ್ನು ಮುಟ್ಟುವ ಮೊದಲೇ ಈ ಪದದ ಅರ್ಥ ಒಂದು ಬುಡಕಟ್ಟಿನಿಂದ ಒಂದು ಖಂಡಕ್ಕೆ ವಿಸ್ತರಿಸಿತ್ತು.

೧೪೯೮ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆಯ ಬಳಿ ಬಂದಿಳಿದನು. ಅಲ್ಲಿ ವ್ಯಾಪಾರ ಮಾಡುತ್ತಿದ್ದ ಅರಬರಿಗೆ ಈ ಜನ ಹೊಸಬರಲ್ಲ. ಅವರಿಗಾಗಿ ಒಂದು ಹೆಸರು ಆಗಲೇ ಸಿದ್ಧವಾಗಿತ್ತು. ಮಲಯಾಳ, ತಮಿಳು, ಸಿಂಹಳ ಭಾಷೆಗಳಲ್ಲಿ ಈ ಹೆಸರು ‘ಪರಂಗಿ’ ಎಂಬ ರೂಪದಲ್ಲಿ ನೆಲೆಸಿತು. ಇದು ಸಮುದ್ರದ ದಾರಿ. ಇದೇ ಪದ ಉತ್ತರದಿಂದ, ಪಾರಸಿಯನ್ನು ಬಳಸುತ್ತಿದ್ದ ಸುಲ್ತಾನರ ಆಸ್ಥಾನಗಳ ಮೂಲಕ, ‘ಫಿರಂಗಿ’ ಎಂಬ ರೂಪದಲ್ಲಿ ದಖ್ಖನ್ನಿಗೆ ಇಳಿಯಿತು. ಇದು ನೆಲದ ದಾರಿ. ಕನ್ನಡದಲ್ಲಿ ಎರಡು ರೂಪಗಳೂ ಉಳಿದಿರುವುದನ್ನು ಗಮನಿಸಬೇಕು. ‘ಪರಂಗಿಯವರು’ ಎಂದರೆ ಯುರೋಪಿನ ಜನ. ‘ಫಿರಂಗಿ’ ಎಂದರೆ ತೋಪು. ಒಂದೇ ಪದವು ಎರಡು ಬಾಗಿಲುಗಳಿಂದ ನಮ್ಮ ಮನೆಯನ್ನು ಹೊಕ್ಕು, ಎರಡು ಬೇರೆ ಪದಗಳಾಗಿ ಬಾಳಿತೆಂದು ಊಹಿಸುವುದು ಯುಕ್ತವಾಗಿದೆ.

ತಮಿಳಿನಲ್ಲಿಯೂ ಇಂಥದೇ ವಿಭಾಗವನ್ನು ಕಾಣುತ್ತೇವೆ. ಅಲ್ಲಿ ‘ಪರಂಗಿ’ ಮನುಷ್ಯ, ‘ಪೀರಂಗಿ’ ತೋಪು. ಮದರಾಸಿನ ಸಂತ ತೋಮಸರ ಬೆಟ್ಟಕ್ಕೆ ಪರಂಗಿಮಲೈ ಎಂದೂ, ೧೭೮೧ರಲ್ಲಿ ಹೈದರಾಲಿಯು ಇಂಗ್ಲಿಷರಿಂದ ಸೋಲನ್ನು ಅನುಭವಿಸಿದ ಪೋರ್ಟೊ ನೋವೊಗೆ ಪರಂಗಿಪೇಟೈ ಎಂದೂ ಹೆಸರುಂಟು. ಅರ್ಥಗಳು ಒಂದಕ್ಕೊಂದು ತೊಡಕಾದಲ್ಲಿ ಭಾಷೆಯು ಉಚ್ಚಾರದ ಅಲ್ಪಭೇದವನ್ನು ಉಪಯೋಗಿಸಿಕೊಂಡು ಅವುಗಳನ್ನು ಬೇರ್ಪಡಿಸುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

೩

ಈಗ ಕಾರವಾರದ ಸೀಮೆಗೆ ಬರೋಣ. ಇಲ್ಲಿಯ ಕೊಂಕಣಿಯು ಸಮುದ್ರತೀರದ ಭಾಷೆಯಾದರೂ ಪದದ ರೂಪವನ್ನು ದಕ್ಷಿಣದಿಂದ ತೆಗೆದುಕೊಳ್ಳಲಿಲ್ಲ. ಮರಾಠಿಯಂತೆ ‘ಫಿರಂಗಿ’ ಎಂದೇ ಹೇಳಿತು. ಆದರೆ ಘಟ್ಟದ ಮೇಲಿನ ಕನ್ನಡದಂತೆ ಅದಕ್ಕೆ ತೋಪಿನ ಅರ್ಥವನ್ನು ಮುಖ್ಯವಾಗಿ ಕೊಡಲೂ ಇಲ್ಲ. ಇದರ ಕಾರಣವನ್ನು ಸೀಮೆಯ ಇತಿಹಾಸದಲ್ಲಿಯೇ ಹುಡುಕಬೇಕು.

೧೫೦೫ರಲ್ಲಿ ಪೋರ್ತುಗೀಸ್ ರಾಜಪ್ರತಿನಿಧಿ ಅಲ್ಮೇಡನು ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ಕೋಟೆಯನ್ನು ಕಟ್ಟಿಸತೊಡಗಿದನು. ೧೫೧೦ರಲ್ಲಿ ಅಲ್ಬುಕರ್ಕನು ಗೋವೆಯನ್ನು ಹಿಡಿದಾಗ ಅವನಿಗೆ ನೆರವಾದವನು ಹೊನ್ನಾವರದ ಕಡೆಯ ನಾವಿಕ ನಾಯಕ ತಿಮ್ಮಯ್ಯ. ಪೋರ್ತುಗೀಸರ ಬರಹಗಳಲ್ಲಿ ಇವನೇ ತಿಮೋಜ. ಚಿತ್ತಾಕುಲದ ಗುಡ್ಡದ ಮೇಲೆ ಸೋದೆಯ ಅರಸ ಬಸವಲಿಂಗನು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಕೋಟೆಯನ್ನು ಕಟ್ಟಿಸಿ, ತಂದೆಯ ಹೆಸರಿನಿಂದ ಅದನ್ನು ಸದಾಶಿವಗಡವೆಂದು ಕರೆದನು. ೧೭೫೨ರಲ್ಲಿ ಆ ಗಡ ಪೋರ್ತುಗೀಸರ ವಶವಾಗಿ, ಕೆಲಕಾಲದ ಬಳಿಕ ಸೋದೆಗೆ ಮರಳಿತು. ೧೭೬೩-೬೪ರಲ್ಲಿ ಹೈದರಾಲಿಯ ಸೇನೆ ಸೋದೆಯನ್ನು ಗೆದ್ದಾಗ ಅಲ್ಲಿಯ ಅರಸ ಇಮ್ಮಡಿ ಸದಾಶಿವನು ಗೋವೆಯಲ್ಲಿ ಆಶ್ರಯ ಪಡೆದನು. ಕಾಣಕೋಣ ಮೊದಲಾದ ಸೋದೆಯ ಭಾಗಗಳು ಪೋರ್ತುಗೀಸರ ಕೈಸೇರಿದವು. ಅಂದಿನಿಂದ ಹಣಕೋಣವು ಗಡಿಯ ಈಚೆಗೂ ಕಾಣಕೋಣವು ಆಚೆಗೂ ಉಳಿದವು. ಈ ಗಡಿಯು ೧೯೬೧ರ ಡಿಸೆಂಬರ್ ತಿಂಗಳಲ್ಲಿ ಗೋವೆಯ ವಿಮೋಚನೆಯಾಗುವವರೆಗೆ ಎರಡು ರಾಜ್ಯಾಧಿಕಾರಗಳ ನಡುವಿನ ಗಡಿಯಾಗಿಯೇ ಇತ್ತು.

ನಾಲ್ಕೂವರೆ ಶತಮಾನ ನೆರೆಯಲ್ಲಿದ್ದವನನ್ನು ಜನರು ಒಂದು ಆಯುಧದ ಮೂಲಕ ಮಾತ್ರ ಅರಿತಿರಲಾರರು. ಕಾರವಾರದವರಿಗೆ ಅವನು ವ್ಯಾಪಾರಿ, ಪಾದ್ರಿ, ಸುಂಕದವ, ಸಿಪಾಯಿ, ಕೆಲವೊಮ್ಮೆ ಆಶ್ರಯದಾತ ಕೂಡ. ಆದುದರಿಂದ ಇಲ್ಲಿ ಪದದ ಅರ್ಥ ಮನುಷ್ಯನಲ್ಲಿಯೇ ನಿಂತಿತು. ಅಷ್ಟೇ ಅಲ್ಲ, ಸಂಕೋಚವನ್ನೂ ಹೊಂದಿತು. ಅರಬರ ಬಾಯಲ್ಲಿ ಇಡೀ ಪಶ್ಚಿಮ ಯುರೋಪಿಗೆ ಅನ್ವಯಿಸುತ್ತಿದ್ದ ಪದ ಇಲ್ಲಿ ಪೋರ್ತುಗೀಸನೊಬ್ಬನಿಗೆ ಮೀಸಲಾಯಿತು. ಮರಾಠಿ ರಾಜಕೀಯ ಬರಹಗಳಲ್ಲಿಯೂ ಇದೇ ರೂಢಿ. ರಾಮಚಂದ್ರಪಂತ ಅಮಾತ್ಯನ ‘ಆಜ್ಞಾಪತ್ರ’ದಲ್ಲಿ ‘ಟೋಪೀಕರ’ ವ್ಯಾಪಾರಿಗಳನ್ನು ಎಣಿಸುವಾಗ ಫಿರಂಗಿ, ಇಂಗ್ರಜ, ವಲಂದೇಜ, ಫರಾಸೀಸ ಎಂದು ಪ್ರತ್ಯೇಕವಾಗಿ ಹೆಸರಿಸಲಾಗಿದೆ. ‘ಫಿರಂಗಿ’ ಇಲ್ಲಿ ಪೋರ್ತುಗೀಸ, ‘ವಲಂದೇಜ’ ಡಚ್ಚನು, ‘ಫರಾಸೀಸ’ ಫ್ರೆಂಚನು. ಫ್ರಾಂಕರ ಹೆಸರು ಪೋರ್ತುಗೀಸನ ಪಾಲಾದ ಕಾರಣ, ನಿಜವಾದ ಫ್ರಾನ್ಸ್ ದೇಶದವನಿಗೆ ಬೇರೊಂದು ಹೆಸರನ್ನು ಕಲ್ಪಿಸಬೇಕಾಯಿತು!

ಬಂಗಾಳದಲ್ಲಿ ಅರ್ಥ ಇನ್ನೊಂದು ತಿರುವನ್ನು ಪಡೆಯಿತು. ಅಲ್ಲಿ ‘ಫಿರಿಂಗಿ’ ಎಂಬುದು ಪೋರ್ತುಗೀಸ್ ಸಂತತಿಯ ಮಿಶ್ರಜನರಿಗೆ ವಿಶೇಷವಾಗಿ ಸಂದಿತು. ಬಂಗಾಳಿಯಲ್ಲಿ ಹಾಡು ಕಟ್ಟಿ ಹೆಸರಾದ ಆಂಟನಿ ಫಿರಿಂಗಿಯ ಉಪನಾಮ ಇದಕ್ಕೆ ಸಾಕ್ಷಿ. ಕಾಂಬೋಡಿಯದಲ್ಲಿಯಾದರೋ ಇದೇ ಪದ ‘ಬರಾಂಗ್’ ಎಂದಾಗಿ, ೧೮೬೩ರಲ್ಲಿ ಆ ದೇಶವನ್ನು ತಮ್ಮ ರಕ್ಷಣೆಗೆ ಒಳಪಡಿಸಿಕೊಂಡ ಫ್ರೆಂಚರನ್ನು ಸೂಚಿಸಿತು. ಅರ್ಥ ಸುತ್ತಿ ಸುತ್ತಿ ಮೂಲದ ಹತ್ತಿರಕ್ಕೆ ಬಂದ ಒಂದು ಪ್ರಸಂಗವಿದು.

೪

ಮನುಷ್ಯನ ಹೆಸರು ವಸ್ತುವಿನ ಹೆಸರಾಗುವುದು ಹೇಗೆ? ಮೊದಲು ಅದು ವಿಶೇಷಣವಾಗಿರುತ್ತದೆ. ಕಾಲಕ್ರಮದಲ್ಲಿ ವಿಶೇಷ್ಯವು ಲೋಪವಾಗಿ ವಿಶೇಷಣವೊಂದೇ ಉಳಿಯುತ್ತದೆ. ಮರಾಠಿಯಲ್ಲಿ ಯುರೋಪಿನ ಅಲಗನ್ನುಳ್ಳ, ಅಥವಾ ಆ ಮಾದರಿಯಲ್ಲಿ ಮಾಡಿದ ನೇರವಾದ ಉದ್ದ ಖಡ್ಗಕ್ಕೆ ‘ಫಿರಂಗ’ ಎಂಬ ಹೆಸರು ಬಂದುದು ಹೀಗೆಯೇ. ಕನ್ನಡದಲ್ಲಿ ತೋಪಿನ ಅರ್ಥ ಬಂದುದೂ ಇದೇ ಕ್ರಮದಿಂದ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ತೋಪಿಗೆ ಫಿರಂಗಿಯೆಂಬ ಹೆಸರಿರುವುದರಿಂದ ತೋಪನ್ನು ನಮ್ಮ ನಾಡಿಗೆ ಮೊದಲು ತಂದವರು ಪೋರ್ತುಗೀಸರೇ ಎಂದು ಕೆಲವರು ಸುಲಭವಾಗಿ ನಿರ್ಣಯಿಸುತ್ತಾರೆ. ಈ ನಿರ್ಣಯ ನಿಲ್ಲುವುದಿಲ್ಲ. ೧೫೨೬ರ ಪಾಣಿಪತ್ ಯುದ್ಧವನ್ನು ವರ್ಣಿಸುವಾಗ ಬಾಬರನು ತನ್ನ ಆತ್ಮಕಥೆಯಲ್ಲಿ ಒಂದು ಬಗೆಯ ತೋಪನ್ನು ಇದೇ ಹೆಸರಿನಿಂದ ಕರೆದಿದ್ದಾನೆ. ಅವನು ಕಾಬೂಲಿನಿಂದ ಬಂದವನು. ಅವನ ತೋಪುಗಳನ್ನು ನಡೆಸಿದವನು ಉಸ್ತಾದ್ ಅಲಿ ಕುಲಿ. ಆದುದರಿಂದ ತೋಪಿನ ಅರ್ಥವು ನೆಲದ ದಾರಿಯಲ್ಲಿಯೂ ಸಂಚರಿಸುತ್ತಿತ್ತು. ವಿಜಾಪುರದ ಪ್ರಖ್ಯಾತ ಮಲಿಕ್-ಎ-ಮೈದಾನ ತೋಪನ್ನು ೧೫೪೯ರಲ್ಲಿ ಅಹಮದನಗರದಲ್ಲಿ ಎರಕಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ‘ರೂಮಿ’ ಎಂದರೆ ಶಬ್ದಾರ್ಥದಲ್ಲಿ ರೋಮಿನವನು. ಆ ಕಾಲದ ಬಳಕೆಯಲ್ಲಿ ಉಸ್ಮಾನೀ ತುರ್ಕರ ಸೀಮೆಯವನು. ‘ತೋಪು’ ಎಂಬ ಪದವೂ ತುರ್ಕಿಯದೇ. ಹೀಗಿರುವಾಗ ‘ಫಿರಂಗಿ’ ಎಂಬ ಹೆಸರು ತೋಪಿನ ವಿಷಯದಲ್ಲಿ ಫ್ರಾಂಕರಿಗಿದ್ದ ಖ್ಯಾತಿಯನ್ನು ತಿಳಿಸುತ್ತದೆಯೇ ಹೊರತು ಅದರ ಆಗಮನದ ಕಾಲವನ್ನು ಸಾಧಿಸುವುದಿಲ್ಲ.

ಆ ಖ್ಯಾತಿ ನಿರಾಧಾರವಾದುದಲ್ಲ. ೧೫೨೦ರ ರಾಯಚೂರು ಯುದ್ಧದಲ್ಲಿ ಕೃಷ್ಣದೇವರಾಯನಿಗೆ ಕ್ರಿಸ್ಟೋವನ್ ಡಿ ಫಿಗೇರೆದೊ ಮತ್ತು ಅವನ ಸಂಗಡಿಗರು ಬಂದೂಕುಗಳಿಂದ ನೆರವಾದುದನ್ನು ನೂನಿಜನು ವಿವರಿಸಿದ್ದಾನೆ. ಬಯಲುಸೀಮೆಯ ಜನರಿಗೆ ಪರಂಗಿಯವರು ಕಾಣಸಿಕ್ಕಿದ್ದು ಹೆಚ್ಚಾಗಿ ಇಂಥ ಸಂದರ್ಭಗಳಲ್ಲಿ. ದೂರದ ಚೀನದಲ್ಲಿಯೂ ಇದೇ ಸಂಗತಿ. ಹದಿನಾರನೆಯ ಶತಮಾನದ ಮಿಂಗ್ ದಾಖಲೆಗಳಲ್ಲಿ ‘ಫೊಲಾಂಗ್‌ಜಿ’ ಎಂಬ ಒಂದೇ ಪದ ಪೋರ್ತುಗೀಸರಿಗೂ ಅವರ ತೋಪಿಗೂ ಬಳಕೆಯಾಯಿತು. ಮುಂದೆ ಫಿಲಿಪ್ಪೀನ್ಸಿನ ಸ್ಪೇನಿನವರಿಗೂ ಅನ್ವಯಿಸಿತು.

ವೈದ್ಯರು ಈ ಪದವನ್ನು ಬೇರೊಂದು ಕಾರಣಕ್ಕಾಗಿ ಎತ್ತಿಕೊಂಡರು. ಹದಿನಾರನೆಯ ಶತಮಾನದ ‘ಭಾವಪ್ರಕಾಶ’ದಲ್ಲಿ ಭಾವಮಿಶ್ರನು ಹೊಸ ಗುಹ್ಯರೋಗವೊಂದನ್ನು ‘ಫಿರಂಗರೋಗ’ವೆಂದು ಹೆಸರಿಸಿ, ಚೋಪಚೀನಿ ಬೇರನ್ನು ಅದಕ್ಕೆ ಔಷಧವಾಗಿ ಹೇಳಿದನು. ೧೫೬೩ರಲ್ಲಿ ಗೋವೆಯಲ್ಲಿ ಮುದ್ರಿತವಾದ ತನ್ನ ಗ್ರಂಥದಲ್ಲಿ ಗಾರ್ಸಿಯ ಡ ಓರ್ತನು ಇದೇ ಬೇರನ್ನು ಕುರಿತು ವಿಸ್ತಾರವಾಗಿ ಬರೆದಿದ್ದಾನೆ. ನಮ್ಮ ಗಂಧಿಗೆ ಅಂಗಡಿಗಳಲ್ಲಿ ಆ ಬೇರಿನ ಹೆಸರು ‘ಪರಂಗಿ ಚಕ್ಕೆ’. ಹೀಗೆ ರೋಗಕ್ಕೂ ಮದ್ದಿಗೂ ಒಬ್ಬನದೇ ಹೆಸರು ಸಂದಿತು. ಸಿಂಹಳದಲ್ಲಿ ‘ಪರಂಗಿ’ ಎಂಬುದು ಚರ್ಮದ ಮೇಲೆ ಹುಣ್ಣೇಳುವ ಇನ್ನೊಂದು ರೋಗದ ಹೆಸರಾಯಿತು.

ರೈತರು ಹಾಗೂ ಗೃಹಿಣಿಯರು ಮಾಡಿದ ಬಳಕೆ ಎಲ್ಲಕ್ಕಿಂತ ಸೌಮ್ಯವಾದುದು. ಹಳೆಯ ಮೈಸೂರಿನ ಕಡೆ ‘ಪರಂಗಿ ಹಣ್ಣು’ ಎಂದರೆ ಪಪ್ಪಾಯಿ. ತಮಿಳಿನ ‘ಪರಂಗಿಕ್ಕಾಯ್’ ಕುಂಬಳದ ಒಂದು ಜಾತಿ. ಮಲಯಾಳದ ‘ಪರಂಗಿಮಾವು’ ಗೇರುಮರ. ಥಾಯ್ ಭಾಷೆಯಲ್ಲಿ ‘ಫರಂಗ್’ ಎಂದರೆ ಬಿಳಿಯ ಮನುಷ್ಯನೂ ಹೌದು, ಪೇರಲ ಹಣ್ಣೂ ಹೌದು. ನಾಲ್ಕು ಜನರು ಒಂದು ಪದವನ್ನು ನಾಲ್ಕು ಗಿಡಗಳಿಗೆ ಕಟ್ಟಿದರು. ಮೇಲ್ನೋಟಕ್ಕೆ ಇದು ಗೊಂದಲ. ಆದರೆ ಈ ನಾಲ್ಕೂ ಅಮೆರಿಕ ಖಂಡದ ಸಸ್ಯಗಳು. ೧೪೯೨ರ ನಂತರ ಯುರೋಪಿನವರ ಹಡಗುಗಳು ಏಷ್ಯಕ್ಕೆ ಮುಟ್ಟಿಸಿದಂಥವು. ಯಾವುದೇ ಗ್ರಂಥವನ್ನೋದದ ರೈತನು ತನ್ನ ಹಿತ್ತಲಿನ ಗಿಡದ ಚರಿತ್ರೆಯನ್ನು ಅದರ ಹೆಸರಿನಲ್ಲಿಯೇ ಸರಿಯಾಗಿ ಬರೆದಿಟ್ಟಿದ್ದಾನೆ.

೫

ಈ ವಿಚಾರದಿಂದ ಇತಿಹಾಸದ ವಿದ್ಯಾರ್ಥಿಗೆ ಏನು ಪ್ರಯೋಜನ? ಉತ್ತರ ಕನ್ನಡವು ೧೭೯೯ರಿಂದ ೧೮೬೨ರವರೆಗೆ ಮದರಾಸಿನ ಆಡಳಿತದಲ್ಲಿಯೂ, ಅನಂತರ ೧೯೫೬ರವರೆಗೆ ಮುಂಬಯಿಯ ಆಡಳಿತದಲ್ಲಿಯೂ ಇದ್ದ ಸೀಮೆ. ಇದರ ಪ್ರಾಚೀನ ವಿಷಯಗಳನ್ನು ಅರಿಯಲು ಕನ್ನಡ, ಮರಾಠಿ, ಪಾರಸಿ, ಪೋರ್ತುಗೀಸ್ ಬರಹಗಳೆಲ್ಲ ಬೇಕು. ಹೀಗಿರುವಲ್ಲಿ, ಕಾಗದದಲ್ಲಿ ಪರಿಚಿತವಾದ ಪದವನ್ನು ಕಂಡಾಗಲೇ ಹೆಚ್ಚು ಎಚ್ಚರವಿರಬೇಕು. ಅರಿಯದ ಪದ ನಮ್ಮನ್ನು ನಿಘಂಟಿಗೆ ಕಳುಹಿಸುತ್ತದೆ. ಅರಿತ ಪದ ಹಾಗೆ ಮಾಡುವುದಿಲ್ಲ. ಮರಾಠಿ ಪತ್ರವೊಂದರ ‘ಫಿರಂಗಿ’ಯನ್ನು ಕನ್ನಡದ ಅಭ್ಯಾಸಬಲದಿಂದ ತೋಪೆಂದು ಓದಿದರೆ ಕೋಟೆಯೊಳಗಿದ್ದ ಒಂದು ಜನಾಂಗವೇ ಚರಿತ್ರೆಯಿಂದ ಮರೆಯಾಗುತ್ತದೆ, ಕನ್ನಡದ ‘ಫಿರಂಗಿ’ಯನ್ನು ಪೋರ್ತುಗೀಸನೆಂದು ಓದಿದರೆ ಇಲ್ಲದ ಸೇನೆ ಹುಟ್ಟಿಕೊಳ್ಳುತ್ತದೆ. ಆದುದರಿಂದ ಬರೆದವನು ಯಾರು, ಯಾವ ಭಾಷೆಯವನು, ಯಾರಿಗೆ ಬರೆದನು, ವಾಕ್ಯದ ಲಿಂಗ ವಚನಗಳೂ ಕ್ರಿಯಾಪದವೂ ಏನು ಹೇಳುತ್ತವೆ ಎಂಬುದನ್ನು ಮೊದಲು ನೋಡಬೇಕು. ಅಂಥ ಸೂಚನೆ ದೊರೆಯದಲ್ಲಿ ಎರಡು ಅರ್ಥಗಳನ್ನೂ ಹೇಳಿ ನಿಲ್ಲಬೇಕು. ಒಂದನ್ನು ಬಲವಂತದಿಂದ ಹೇರಬಾರದು.

ಅಂದು ತರಗತಿಯಲ್ಲಿ ಭಿನ್ನವಾಗಿ ಉತ್ತರಿಸಿದ ಆ ಇಬ್ಬರು ವಿದ್ಯಾರ್ಥಿಗಳನ್ನು ಮತ್ತೆ ನೆನೆಯಬಹುದು. ಒಬ್ಬನ ಉತ್ತರದಲ್ಲಿ ರಾಯಚೂರು, ವಿಜಾಪುರಗಳ ರಣರಂಗವಿತ್ತು. ಇನ್ನೊಬ್ಬನ ಉತ್ತರದಲ್ಲಿ ಸದಾಶಿವಗಡದ ನೆರೆಹೊರೆ ಇತ್ತು. ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಪರಸ್ಪರರ ಅರ್ಥವನ್ನು ಕೇಳಿಕೊಂಡುದೇ ಆ ದಿನದ ಪಾಠವಾಯಿತು. ಇಂಥ ಶಬ್ದಗಳು ಕಾಳೀ ತೀರದ ಊರುಗಳಲ್ಲಿ ಇನ್ನೂ ಅನೇಕವಿವೆ. ಅವುಗಳನ್ನು ಮನೆಮನೆಗಳಿಂದ ಸಂಗ್ರಹಿಸುವ ಕಾರ್ಯವನ್ನು ಆ ಊರುಗಳ ವಿದ್ಯಾರ್ಥಿಗಳೇ ಕೈಕೊಳ್ಳುವುದು ಅತ್ಯಂತ ಉಚಿತವಾಗಿದೆ.