ಹದಿನೇಳನೆಯ ವಿಧಿ ಮತ್ತು ಎಂಜಿನಿಯರನ ನಕ್ಷೆ

ಕೋಲಾರ ಚಿನ್ನದ ಗಣಿಯ ಬಗ್ಗೆ ಶಾಲೆಯಲ್ಲಿ ನಮಗೆಲ್ಲ ಒಂದು ಪಾಠ ಇತ್ತು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 92 ಮೈಲಿ ತಂತಿಯ ಮೇಲೆ ಓಡಿ ಕೆಜಿಎಫ್ ಮುಟ್ಟಿತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಮೇಷ್ಟ್ರು ಹೆಮ್ಮೆಯಿಂದ ಹೇಳಿದರು, ನಾವು ಹೆಮ್ಮೆಯಿಂದ ಬರೆದುಕೊಂಡೆವು, ಅಂಕವೂ ಬಂತು.

ಪಾಠದಲ್ಲಿ ಇಲ್ಲದ ಸಂಗತಿ ಒಂದಿತ್ತು. ಅದೇ ಕೆಜಿಎಫ್‌ನಲ್ಲಿ ಕೂಲಿಗಳ ಲೈನುಗಳಿಗೆ ಕಟ್ಟಿಕೊಟ್ಟಿದ್ದು ಒಣ ಪಾಯಖಾನೆಗಳು. ನೀರಿಲ್ಲ, ಕೊಳವೆಯಿಲ್ಲ. ಬೆಳಗಾದರೆ ಜನ ಬಂದು ಮಲವನ್ನು ಬಾಚಿ ಡಬ್ಬಿಗೆ ತುಂಬಿ ಹೊರಬೇಕು. ಹೊತ್ತವರು ಯಾರು ಅಂತ ಕೇಳಬೇಕಾಗಿಲ್ಲ. ಜಾತಿ ನೋಡಿ ಆ ಕೆಲಸ, ಅಪ್ಪನಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ. 1966ರಲ್ಲಿ ಇಂಥ ಮನೆಯೊಂದರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ 1980ರ ದಶಕದಲ್ಲಿ ಈ ಪಾಯಖಾನೆಗಳ ವಿರುದ್ಧ ಕಾಗದ ಬರೆಯಲು ಕೂತರು. ಆಮೇಲೆ ಅದು ದೇಶದ ತುಂಬ ಹಬ್ಬಿದ ಸಫಾಯಿ ಕರ್ಮಚಾರಿ ಆಂದೋಲನವಾಯಿತು.

ಈ ಗಣಿಯ ಆಳ ಎಷ್ಟು ಗೊತ್ತೆ? 3 ಕಿಲೋಮೀಟರಿಗೂ ಹೆಚ್ಚು. ಅಷ್ಟು ಆಳಕ್ಕೆ ಮನುಷ್ಯರನ್ನು ಇಳಿಸಿ ಹತ್ತಿಸುವ ಯಂತ್ರ ಇತ್ತು. ತಳದ ಬಂಡೆಯ ಬಿಸಿಯಲ್ಲೂ ಕೆಲಸ ನಿಲ್ಲದ ಹಾಗೆ ತಂಪು ಗಾಳಿ ಊದುವ ಯಂತ್ರ ಇತ್ತು. ಮೂರು ಕಿಲೋಮೀಟರು ಆಳದ ಚಿನ್ನಕ್ಕೆ ದಾರಿ ಕಂಡ ವಿದ್ಯೆಗೆ ಪಾಯಖಾನೆಯ ಕೆಳಗೆ ಮೂರು ಅಡಿ ಆಳದಲ್ಲಿ ಒಂದು ಕೊಳವೆ ಹೂಳಲು ದಾರಿ ಕಾಣಲಿಲ್ಲವೆ? ಕಾಣುತ್ತಿತ್ತು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ನಾರಿ ಪಾರ್ಲಿಮೆಂಟಿನ ಮೂಗು ಮುಚ್ಚಿಸಿದಾಗ ಲಂಡನ್ನಿನ ನೆಲದಡಿ ಮೈಲಿಗಟ್ಟಲೆ ಒಳಚರಂಡಿ ಕಟ್ಟಲು ಬ್ಯಾಜಲ್‌ಗೆಟ್ ಎಂಬ ಎಂಜಿನಿಯರನಿಗೆ ಹಣ ಕೊಟ್ಟರು. ಅದೇ ಸೀಮೆಯ ಕಂಪನಿಯೇ ಇಲ್ಲಿ ಗಣಿ ತೋಡಿದ್ದು. ವಿದ್ಯೆ ಇತ್ತು, ಹಣ ಇತ್ತು. ಕೊಳವೆ ಬೇಕಾಗಲಿಲ್ಲ, ಯಾಕಂದರೆ ಕೊಳವೆಗಿಂತ ಅಗ್ಗವಾಗಿ ಮನುಷ್ಯ ಸಿಗುತ್ತಿದ್ದ. ಆ ಮನುಷ್ಯನನ್ನು ಜಾತಿ ವ್ಯವಸ್ಥೆ ಮೊದಲೇ ತಯಾರು ಮಾಡಿ ಇಟ್ಟಿತ್ತು.

1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು. ಪಾಯಖಾನೆ ಹಾಗೇ ಉಳಿಯಿತು. ಬಿಳಿಯರು ಹೋದರೂ ಡಬ್ಬಿ ಹೋಗಲಿಲ್ಲ.

ನಾವು ಇಲ್ಲಿ ಕೇಳುವುದು ಒಂದೇ ಪ್ರಶ್ನೆ. ಅಸ್ಪೃಶ್ಯತೆಯನ್ನು ಆಚರಿಸುವವರು ಬರೀ ಪುರೋಹಿತರು, ಗೌಡರು, ಹೋಟೆಲಿನವರು ಮಾತ್ರವೆ? ನಕ್ಷೆ ಬರೆಯುವವನು ಆಚರಿಸುವುದಿಲ್ಲವೆ?

ಚರಿತ್ರೆ ನೋಡೋಣ. 1948ರ ನವೆಂಬರ್ 29ರಂದು ಸಂವಿಧಾನ ಸಭೆ ಅಸ್ಪೃಶ್ಯತೆಯನ್ನು ರದ್ದು ಮಾಡುವ ವಿಧಿಯನ್ನು ಒಪ್ಪಿತು. ಅದೇ ಇವತ್ತಿನ 17ನೇ ವಿಧಿ. ಮಿಕ್ಕ ಎಷ್ಟೋ ಹಕ್ಕುಗಳು ಸರ್ಕಾರದ ಕೈ ಕಟ್ಟುತ್ತವೆ. ಈ ವಿಧಿ ಸರ್ಕಾರದ ಜೊತೆಗೆ ಪ್ರತಿಯೊಬ್ಬ ನಾಗರಿಕನ ಕೈಯನ್ನೂ ಕಟ್ಟುತ್ತದೆ. ಯಾವುದೇ ರೂಪದಲ್ಲಿ ಆಚರಿಸಬಾರದು ಅನ್ನುತ್ತದೆ. ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯ್ ಮಂಡಲಿಯಲ್ಲಿ ಕಾರ್ಮಿಕ ಖಾತೆಯ ಜೊತೆಗೆ ನೀರಾವರಿ, ವಿದ್ಯುತ್ ವಿಷಯಗಳನ್ನೂ ನೋಡಿದವರು. ದಾಮೋದರ ಕಣಿವೆಯ ಯೋಜನೆಯ ಕಡತಗಳಲ್ಲಿ ಓಡಾಡಿದವರು. 1927ರಲ್ಲಿ ಮಹಾಡದ ಕೆರೆಗೆ ಜನರನ್ನು ಕರೆದುಕೊಂಡು ಹೋಗಿ ನೀರು ಮುಟ್ಟಿದವರು. ನೀರು ಎಲ್ಲಿ ಹರಿಯುತ್ತದೆ, ಯಾರ ಮನೆಗೆ ಹರಿಯುತ್ತದೆ, ಯಾರ ಮೇಲೆ ಹರಿಯುತ್ತದೆ ಅನ್ನುವುದು ಜಾತಿಯ ಪ್ರಶ್ನೆಯೂ ಹೌದು, ಎಂಜಿನಿಯರಿಂಗಿನ ಪ್ರಶ್ನೆಯೂ ಹೌದು.

1955ರಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಬಂತು. 1976ರಲ್ಲಿ ಅದು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಯಿತು. ಅಸ್ಪೃಶ್ಯತೆಯ ನೆಪದಲ್ಲಿ ಒಬ್ಬನನ್ನು ಜಲಗಾರಿಕೆಗೆ ಬಲವಂತ ಮಾಡುವುದು ಅಪರಾಧ ಎಂದು ಆಗ ಸೇರಿಸಿದರು. ಅಷ್ಟು ಹೊತ್ತಿಗೆ ನಮ್ಮ ನಾಡಿನಲ್ಲೇ ಒಬ್ಬ ಮಂತ್ರಿ ಹೆಜ್ಜೆ ಇಟ್ಟಿದ್ದರು. ಅರಸು ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1973ರ ನವೆಂಬರಿನಲ್ಲಿ ಅವರು ಆಡಿದ ಬೂಸಾ ಎಂಬ ಒಂದು ಮಾತಿಗೆ ಬೀದಿಗಳು ತುಂಬಿದವು, ಮಂತ್ರಿಗಿರಿಯೂ ಹೋಯಿತು. ಮಲದ ಡಬ್ಬಿ ಇಳಿಸಿ ಎಂದ ಆದೇಶ ಜಾರಿಯಾಗಲಿ ಅಂತ ಆ ಬೀದಿಗಳು ತುಂಬಲಿಲ್ಲ. ಎಷ್ಟೋ ಊರಲ್ಲಿ ತಲೆಯ ಮೇಲಿನ ಡಬ್ಬಿ ತಳ್ಳುಗಾಡಿಗೆ ಇಳಿಯಿತು, ಅಷ್ಟೆ. ನೆಲದಡಿ ಕೊಳವೆ ಬಾರದೆ ಡಬ್ಬಿ ಹೋಗುವುದಾದರೂ ಎಲ್ಲಿಗೆ?

ಕೊಳವೆ ಬಂದ ಊರಲ್ಲಿ ಏನಾಯಿತು? ಅದನ್ನೂ ಹೇಳಬೇಕು.

ನಾವು ಪದವಿ ಓದುವಾಗ ಹಾಸ್ಟೆಲಿನ ಹಿಂದೆ ಒಳಚರಂಡಿ ಕಟ್ಟಿಕೊಂಡಿತು. ಮೂರು ದಿನ ನಾತ. ನಾಲ್ಕನೇ ದಿನ ಕಂಟ್ರಾಕ್ಟರನ ಕಡೆಯವನು ಇಬ್ಬರನ್ನು ಕರೆತಂದ. ಅವರು ಮೊದಲು ಒಂದಿಷ್ಟು ಕುಡಿದರು. ಕುಡಿಯದೆ ಇಳಿಯೋಕಾಗಲ್ಲ ಅಂದರು. ಒಬ್ಬ ಚಡ್ಡಿಯಲ್ಲಿ ಇಳಿದ, ಇನ್ನೊಬ್ಬ ಹಗ್ಗ ಹಿಡಿದ. ಎಂಜಿನಿಯರ್ ಸಾಹೇಬರು ಕರ್ಚೀಫು ಹಿಡಿದು ಇಪ್ಪತ್ತು ಅಡಿ ದೂರ ನಿಂತಿದ್ದರು. ಇಳಿದವನು ಬದುಕಿ ಮೇಲೆ ಬಂದ. ನೀರು ಕೇಳಿದ. ಅಡುಗೆಯವನು ಚೊಂಬಿನಿಂದ ಎತ್ತರದಲ್ಲಿ ಸುರಿದ. ನಮ್ಮಲ್ಲೊಬ್ಬ ಸಾಹೇಬರನ್ನು ಕೇಳಿದ: ಸಾರ್, ಯಾಕೆ ಕಟ್ಟಿಕೊಳ್ಳುತ್ತೆ ಇದು? ಅವರು ಸಹಜವಾಗಿ ಅಂದರು: ಹಾಕೋವಾಗಲೇ ಇಳಿಜಾರು ಸಾಲಲಿಲ್ಲಪ್ಪ.

ಆ ಮಾತಿನ ಅರ್ಥ ತಿಳಿಯಲು ನಮಗೆ ಸ್ವಲ್ಪ ಓದಬೇಕಾಯಿತು. ಒಳಚರಂಡಿಯ ನೀರು ಸೆಕೆಂಡಿಗೆ ಸುಮಾರು 60 ಸೆಂಟಿಮೀಟರಾದರೂ ಓಡಬೇಕು. ಆಗ ಮಲ, ಮಣ್ಣು ತಳದಲ್ಲಿ ಕೂರದೆ ಕೊಚ್ಚಿಕೊಂಡು ಹೋಗುತ್ತವೆ. ಆ ಓಟ ಕೊಡುವುದು ಕೊಳವೆಯ ಇಳಿಜಾರು. ಇಳಿಜಾರು ಕೊಡಬೇಕಾದರೆ ಆಳ ಅಗೆಯಬೇಕು, ಅಗೆದರೆ ಖರ್ಚು. ಖರ್ಚು ಉಳಿಸಿದರೆ ಹೂಳು ಕೂರುತ್ತದೆ. ಗಾಳಿಯಾಡದ ಹೂಳಿನಲ್ಲಿ ಸೂಕ್ಷ್ಮಜೀವಿಗಳು ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಹುಟ್ಟಿಸುತ್ತವೆ. ಅದು ಗಾಳಿಗಿಂತ ಭಾರ, ಗುಂಡಿಯ ತಳದಲ್ಲೇ ನಿಲ್ಲುತ್ತದೆ. ಸ್ವಲ್ಪ ಇದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ, ನಾತ ನಿಂತಂತಾಗುತ್ತದೆ. ನಾತ ಹೋಯಿತಲ್ಲ ಅಂತ ಮುಂದೆ ಕಾಲಿಟ್ಟವನು ಅಲ್ಲೇ ಬೀಳುತ್ತಾನೆ. ಅವನನ್ನು ಎತ್ತಲು ಇಳಿದ ತಮ್ಮನೂ ಬೀಳುತ್ತಾನೆ. ಪತ್ರಿಕೆಯಲ್ಲಿ ಇದು ‘ಆಕಸ್ಮಿಕ’. ನಕ್ಷೆಯ ಮೇಲೆ ಉಳಿಸಿದ ಒಂದಿಷ್ಟು ಇಳಿಜಾರು ವರ್ಷಗಳ ನಂತರ ಹೆಣವಾಗಿ ಮೇಲೆ ಬಂದರೆ ಅದು ಆಕಸ್ಮಿಕ ಹೇಗಾಗುತ್ತದೆ?

1993ರಲ್ಲಿ ಪಾರ್ಲಿಮೆಂಟು ಮಲ ಹೊರಿಸುವುದನ್ನೂ ಒಣ ಪಾಯಖಾನೆ ಕಟ್ಟುವುದನ್ನೂ ನಿಷೇಧಿಸಿತು. ಈ ಕಾಯ್ದೆ ಬೇಕೆಂದು ಠರಾವು ಮಾಡಿದ ಆರು ರಾಜ್ಯಗಳಲ್ಲಿ ನಮ್ಮ ಕರ್ನಾಟಕವೂ ಒಂದು. ಕಾಯ್ದೆ ಜಾರಿಗೆ ಬಂದದ್ದು 1997ರ ಜನವರಿ 26ಕ್ಕೆ. ಇನ್ನೊಂದು ಸಂಗತಿ ನೋಡಿ. ದೇಶದ ಎಂಜಿನಿಯರುಗಳಿಗೆ ಒಳಚರಂಡಿ ಹೇಗೆ ಕಟ್ಟಬೇಕೆಂದು ಹೇಳುವ ಕೇಂದ್ರ ಸರ್ಕಾರದ ಕೈಪಿಡಿಯ ಎರಡನೇ ಆವೃತ್ತಿ ಬಂದದ್ದೂ 1993ರಲ್ಲೇ. ಕೈಯಿಂದ ಶುಚಿ ಮಾಡುವ ಕೊಳವೆಗಳಿಗೆ 30 ಮೀಟರಿಗೊಂದು ಮ್ಯಾನ್‌ಹೋಲು ಇರಲಿ ಎಂದು ಅದರಲ್ಲಿತ್ತು. ಒಂದು ಕೈ ಮಲ ಮುಟ್ಟಿಸಬೇಡ ಎಂದು ಕಾಯ್ದೆ ಬರೆಯಿತು. ಅದೇ ಸರ್ಕಾರದ ಇನ್ನೊಂದು ಕೈ ಮನುಷ್ಯನ ಕೈಯನ್ನು ಲೆಕ್ಕಕ್ಕೆ ಹಿಡಿದು ಅಳತೆ ಬರೆಯಿತು. ಹೆಸರಲ್ಲೇ ಇದೆಯಲ್ಲ, ಮನುಷ್ಯನ ಗುಂಡಿ. ಯಾವ ಮನುಷ್ಯ ಅಂತ ಪುಸ್ತಕ ಹೇಳುವುದಿಲ್ಲ. ಊರು ಹೇಳುತ್ತದೆ.

2013ರಲ್ಲಿ ಹೊಸ ಕಾಯ್ದೆ ಬಂತು. ಒಳಚರಂಡಿ, ಮಲದ ಗುಂಡಿಗೆ ಅಪಾಯಕಾರಿಯಾಗಿ ಇಳಿಸಿದರೆ ಮೊದಲ ಸಲಕ್ಕೆ 2 ವರ್ಷದವರೆಗೆ ಸಜೆ, ಇಲ್ಲವೆ 2 ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಯಂತ್ರ ಬಳಸುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಎಂದೂ ಬರೆದಿದೆ. ಒಂದು ಸಂದು ಮಾತ್ರ ಬಿಟ್ಟಿದ್ದಾರೆ: ರಕ್ಷಣಾ ಸಲಕರಣೆ ಕೊಟ್ಟರೆ ಅದು ‘ಅಪಾಯಕಾರಿ’ ಆಗುವುದಿಲ್ಲ. ಕೈಗವಸು ಕೊಟ್ಟು ಗುಂಡಿಗೆ ಇಳಿಸಬಹುದು ಅಂತಾಯಿತು. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು 1993ರಿಂದ ಈಚೆಗೆ ಸತ್ತ ಪ್ರತಿಯೊಬ್ಬನ ಮನೆಗೂ 10 ಲಕ್ಷ ಕೊಡಿ ಎಂದಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಇಳಿಸುವುದನ್ನು ನಿಲ್ಲಿಸಿ ಎಂದಿತು. 1993ರಿಂದ ಸತ್ತವರು ಸರ್ಕಾರದ ಲೆಕ್ಕದಲ್ಲೇ ಸಾವಿರ ದಾಟಿದ್ದಾರೆ. ಪರಿಹಾರದ ಮೊತ್ತ ಏರಿತು. ಕೊಳವೆಯ ಇಳಿಜಾರು ಏರಿತೆ?

ಹಕ್ಕಿನ ಮಾತು ಎತ್ತಿದರೆ ಸಾಕು, ನಮಗೆ ಕೆಲವರು ಕರ್ತವ್ಯದ ಪಾಠ ಹೇಳುತ್ತಾರೆ. ಬರೀ ಹಕ್ಕು ಹಕ್ಕು ಅಂತೀರಿ, ಕರ್ತವ್ಯ ಬೇಡವೇ ನಿಮಗೆ? ಅವರಿಗೂ ಚರಿತ್ರೆ ಹೇಳೋಣ. ನಾಗರಿಕರ ಮೂಲಭೂತ ಕರ್ತವ್ಯಗಳು ಸಂವಿಧಾನಕ್ಕೆ ಸೇರಿದ್ದು 1976ರಲ್ಲಿ, 42ನೇ ತಿದ್ದುಪಡಿಯಿಂದ, ತುರ್ತು ಪರಿಸ್ಥಿತಿಯಲ್ಲಿ. ಹಕ್ಕು ಕೇಳಿದವರು ಜೈಲಿನಲ್ಲಿದ್ದಾಗ ಕರ್ತವ್ಯದ ಪಟ್ಟಿ ಬರೆದರು. ಆದರೂ ನಾವು ಆ ಪಟ್ಟಿಯನ್ನು ಎಸೆಯುವುದಿಲ್ಲ, ಓದುತ್ತೇವೆ. 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವ, ಮಾನವೀಯತೆ, ಸುಧಾರಣೆಯ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕನ ಕರ್ತವ್ಯ ಎಂದಿದೆ. ಹಂಗಾದರೆ ಈ ಕರ್ತವ್ಯ ಮೊದಲು ಯಾರದು? ಗುಂಡಿಯಲ್ಲಿ ಎದೆಮಟ್ಟ ನಿಂತವನದೋ, ಸರ್ಕಾರದ ದುಡ್ಡಲ್ಲಿ ನಾಲ್ಕು ವರ್ಷ ವಿಜ್ಞಾನ ಓದಿ ನಕ್ಷೆಗೆ ರುಜು ಹಾಕಿದವನದೋ? ಅವನ ಹಕ್ಕು ಇವನ ಕರ್ತವ್ಯ.

ಎಂಜಿನಿಯರುಗಳ ಸಂಘಗಳು ತಮ್ಮ ನೀತಿ ಸಂಹಿತೆಗಳಲ್ಲಿ ಜನರ ಸುರಕ್ಷತೆ, ಆರೋಗ್ಯ, ಹಿತವೇ ಮೊದಲು ಎಂದು ಬರೆದುಕೊಂಡಿವೆ. ಬರೆದದ್ದನ್ನು ಮೈಮೇಲೆ ಹಾಕಿಕೊಂಡವರೂ ಇದ್ದಾರೆ. 1907ರ ಆಗಸ್ಟ್ 29ರಂದು ಕೆನಡಾದಲ್ಲಿ ಕ್ವಿಬೆಕ್ ಸೇತುವೆ ಕಟ್ಟುತ್ತಿರುವಾಗಲೇ ಕುಸಿಯಿತು. 75 ಕಾರ್ಮಿಕರು ಸತ್ತರು. ಅವರಲ್ಲಿ 33 ಜನ ಕಾನಾವಾಗೆ ಎಂಬ ಒಂದೇ ಹಳ್ಳಿಯ ಮೂಲನಿವಾಸಿ ಮೊಹಾಕ್ ಜನ. ತಪ್ಪು ನಕ್ಷೆಯದೆಂದು, ಎಂಜಿನಿಯರುಗಳ ಲೆಕ್ಕದ್ದೆಂದು ವಿಚಾರಣೆ ಹೇಳಿತು. 1925ರಿಂದ ಆ ದೇಶದ ಎಂಜಿನಿಯರುಗಳು ಪ್ರತಿಜ್ಞೆ ಮಾಡಿ ಬರೆಯುವ ಕೈಯ ಕಿರುಬೆರಳಿಗೆ ಒಂದು ಕಬ್ಬಿಣದ ಉಂಗುರ ತೊಡುತ್ತಾರೆ. ಗೆರೆ ಎಳೆಯುವಾಗ ಅದು ಕಾಗದಕ್ಕೆ ತಾಗಿ ಹೊಣೆ ನೆನಪಿಸಲಿ ಎಂದು. ಉಂಗುರದಿಂದ ಎಲ್ಲ ಸರಿಹೋಗುತ್ತದೆ ಎಂದು ನಾವು ನಂಬುವುದಿಲ್ಲ. ಆದರೆ ಸಾವಿರ ಜನ ಸತ್ತ ಮೇಲೆ ನಮ್ಮ ಎಂಜಿನಿಯರನ ಯಾವ ಬೆರಳಿಗೆ ಏನು ತಾಗುತ್ತಿದೆ?

ನಮ್ಮ ನಾಡಿಗೆ ಎಂಜಿನಿಯರ್ ಅಂದರೆ ವಿಶ್ವೇಶ್ವರಯ್ಯನವರು. ಪ್ರತಿ ಸೆಪ್ಟೆಂಬರ್ 15ಕ್ಕೆ ಹಾರ ಹಾಕುತ್ತೇವೆ. ಕಟ್ಟೆ ಕಟ್ಟಿದರು, ಹೈದರಾಬಾದಿನ ಪ್ರವಾಹಕ್ಕೂ ಒಳಚರಂಡಿಗೂ ಯೋಜನೆ ಕೊಟ್ಟರು. ಅವರ ದುಡಿಮೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 1918ರಲ್ಲಿ ನಾಲ್ವಡಿಯವರು ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡಲು ಮಿಲ್ಲರ್ ಸಮಿತಿ ನೇಮಿಸಿದಾಗ ಆ ನೀತಿಯನ್ನು ಒಪ್ಪದ ದಿವಾನರೂ ಅವರೇ. ದಕ್ಷತೆ ಕೆಡುತ್ತದೆ ಅನ್ನುವುದು ವಾದ. ಈ ‘ಮೆರಿಟ್’ ಮಾತನ್ನು ನಾವು ಇವತ್ತಿಗೂ ಕಾಲೇಜಿನ ಬಾಗಿಲಲ್ಲಿ ಕೇಳುತ್ತೇವೆ. ಮನೆಗೆ ಮೊದಲ ಪದವೀಧರರಾದ ನಾವು ತಿರುಗಿ ಕೇಳುತ್ತೇವೆ: ಗುಂಡಿಗೆ ಇಳಿದವನ ಮಗಳು ನಕ್ಷೆಯ ಮೇಜಿನ ಮುಂದೆ ಕೂತಿದ್ದರೆ ಅಷ್ಟು ಕಡಿಮೆ ಇಳಿಜಾರಿಗೆ ರುಜು ಹಾಕುತ್ತಿದ್ದಳೆ? ಯಾರ ಅಪ್ಪ ಇಳಿಯುತ್ತಾನೆ ಅನ್ನುವುದು ಗೊತ್ತಿರುವುದೂ ಒಂದು ವಿದ್ಯೆಯೇ.

ಮಾಡಲಾಗದ ಕೆಲಸ ಇದಲ್ಲ. 2018ರಲ್ಲಿ ಕೇರಳದ ಯುವ ಎಂಜಿನಿಯರುಗಳು ಗುಂಡಿಗೆ ಇಳಿದು ಹೂಳೆತ್ತುವ ಯಂತ್ರ ಮಾಡಿ ತಿರುವನಂತಪುರದಲ್ಲಿ ಇಳಿಸಿದರು. ಕೊಳವೆಯೊಳಗೆ ರಭಸದ ನೀರು ಹೊಡೆಯುವ, ಹೂಳು ಹೀರುವ ಗಾಡಿಗಳು ಅದಕ್ಕೂ ಮೊದಲೇ ಇದ್ದವು. ಕೊರತೆ ಯಂತ್ರದ್ದಲ್ಲ.

2010ರ ಜುಲೈಯಲ್ಲಿ ಸವಣೂರಿನ ಭಂಗಿ ಬಂಧುಗಳು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ನಾಡು ಒಂದು ಗಳಿಗೆ ಬೆಚ್ಚಿತು, ಆಮೇಲೆ ಮರೆಯಿತು. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಹೊರಬಂತು. ಅದೇ ಕೋಲಾರ ಜಿಲ್ಲೆ. ಹೆಮ್ಮೆಯ ವಿದ್ಯುತ್ತು ಮೊದಲು ಬಂದ ಜಿಲ್ಲೆ. ಇಳಿಸಿದವರು ಪಾಠ ಹೇಳುವವರು.

ಅದಕ್ಕೇ ಈ ಮಾತನ್ನು ಹಳ್ಳಿಯ ಮೇಷ್ಟ್ರುಗಳಿಗೇ ಮೊದಲು ಹೇಳುತ್ತೇವೆ. ನಿಮ್ಮ ಶಾಲೆಯ ಕಕ್ಕಸು ಯಾರು ತೊಳೆಯುತ್ತಾರೆ, ಪಟ್ಟಿ ಮಾಡಿ. 17ನೇ ವಿಧಿಯನ್ನು ಬಾಯಿಪಾಠ ಮಾಡಿಸುವ ಮೊದಲು ಆ ಪಟ್ಟಿಯಲ್ಲಿ ಜಾತಿ ಇದೆಯೇ ನೋಡಿ. ಶಿವನಸಮುದ್ರದ ಪಾಠ ಮಾಡುವಾಗ ಲೈನುಗಳ ಒಣ ಪಾಯಖಾನೆಯನ್ನೂ ಸೇರಿಸಿ. ಎಂಜಿನಿಯರಿಂಗ್ ಓದುವ ತಮ್ಮ ತಂಗಿಯರೇ, ಇಳಿಜಾರಿನ ಲೆಕ್ಕ ಹಾಕುವಾಗ ಅದರ ತುದಿಯಲ್ಲಿ ಯಾರು ನಿಂತಿದ್ದಾರೆ ಎಂದು ಮೇಷ್ಟ್ರನ್ನು ಕೇಳಿ. ಸಂಘಟನೆಯ ಸಂಗಾತಿಗಳೇ, ಗುಂಡಿಯಲ್ಲಿ ಸಾವಾದರೆ ಕಂಟ್ರಾಕ್ಟರನ ಹೆಸರಿನ ಜೊತೆಗೆ ಆ ಕೊಳವೆಯ ನಕ್ಷೆಯನ್ನೂ ಕೇಳಿ ಪಡೆಯಿರಿ. ಇಳಿಜಾರು ಎಷ್ಟಿತ್ತು, ಯಾರು ಒಪ್ಪಿದರು, ಯಂತ್ರ ಯಾಕೆ ಬರಲಿಲ್ಲ. 2005ರಿಂದ ಮಾಹಿತಿ ಹಕ್ಕಿನ ಕಾಯ್ದೆ ನಮ್ಮ ಕೈಯಲ್ಲಿದೆ, 10 ರೂಪಾಯಿಯ ಅರ್ಜಿ ಸಾಕು.

ಆ ನಕ್ಷೆಯ ಮೂಲೆಯಲ್ಲಿ ಒಂದು ರುಜು ಇರುತ್ತದೆ. ನಮ್ಮ ಚರಿತ್ರೆ ಇನ್ನೂ ಓದದೆ ಬಿಟ್ಟಿರುವುದು ಅದನ್ನೇ.