ಸಿಲಿಕಾನ್ ವ್ಯಾಲಿಗಿಂತ ಮೊದಲು ಅಲ್ಲೊಂದು ಓಕ್ ಕಣಿವೆ ಇತ್ತು

ನಾವು ಐಟಿಯವರು ದಿನಕ್ಕೆ ಹತ್ತು ಸಲ ಸಿಲಿಕಾನ್ ವ್ಯಾಲಿ ಹೆಸರು ಹೇಳ್ತೀವಿ. ಆಫೀಸುಗಳು ಬರೋಕೆ ಮುಂಚೆ ಆ ನೆಲದಲ್ಲಿ ಏನಿತ್ತು ಅಂತ ಯಾವತ್ತಾದ್ರೂ ಯೋಚಿಸಿದ್ದೀವಾ?

1792ರ ನವೆಂಬರ್‌ನಲ್ಲಿ ಜಾರ್ಜ್ ವ್ಯಾಂಕೋವರ್ ಎಂಬ ಬ್ರಿಟಿಷ್ ನಾವಿಕ ಸ್ಯಾನ್ ಫ್ರಾನ್ಸಿಸ್ಕೋದಿಂದ ಕುದುರೆ ಏರಿ ಸಾಂತಾ ಕ್ಲಾರಾ ಕಡೆ ಹೊರಟ. ದಾರಿಯಲ್ಲಿ ಭಾರಿ ಓಕ್ ಮರಗಳು, ನಡುವೆ ಬರೀ ಹುಲ್ಲು. ನಮ್ಮ ಇಂಗ್ಲೆಂಡಿನ ಓಕ್ ನೆಟ್ಟು ಬೆಳೆಸಿದ ಉದ್ಯಾನದ ಹಾಗಿದೆ ಅಂತ ಬರೆದ. ಅವನು ಹೇಳಿದ್ದು ಪೂರ್ತಿ ತಪ್ಪಲ್ಲ. ಅಲ್ಲಿನ ಮೂಲನಿವಾಸಿಗಳಾದ ಓಹ್ಲೋನಿ ಜನ ಹುಲ್ಲಿಗೆ ಬೆಂಕಿ ಕೊಟ್ಟು ಕುರುಚಲು ಬೆಳೆಯದ ಹಾಗೆ ನೋಡಿಕೊಳ್ಳುತ್ತಿದ್ದರು. ಓಕ್ ಕಾಯಿ ಅವರ ಊಟ. ಅದು ವಿಪರೀತ ಒಗರು. ಒರಳಲ್ಲಿ ಕುಟ್ಟಿ, ಹಿಟ್ಟಿಗೆ ಮತ್ತೆ ಮತ್ತೆ ನೀರು ಹಾಯಿಸಿ, ಒಗರು ತೆಗೆದು ಅಂಬಲಿ ಕಾಯಿಸುತ್ತಿದ್ದರು. 1793ರಲ್ಲಿ ಸ್ಪೇನಿನ ಗವರ್ನರ್ ಹಾಗೆ ಬೆಂಕಿ ಇಡೋದನ್ನೇ ನಿಷೇಧಿಸಿದ.

ಆ ಕಣಿವೆಯಲ್ಲಿ ವರ್ಷಕ್ಕೆ ಸುಮಾರು 15 ಇಂಚು ಮಳೆ, ಬೆಂಗಳೂರಿನ ಅರ್ಧಕ್ಕಿಂತಲೂ ಕಡಿಮೆ. ಅದೂ ಚಳಿಗಾಲದಲ್ಲೇ, ಬೇಸಿಗೆ ಪೂರ್ತಿ ಒಣ. ಹಾಗಾದ್ರೆ ಅಷ್ಟು ದೊಡ್ಡ ಮರ ಬದುಕಿದ್ದು ಹೇಗೆ? ಬೀಜ ಮೊಳೆತಾಗ ಮೊದಲು ಬೇರು ಆಳಕ್ಕೆ ಇಳಿಯುತ್ತೆ, ಚಿಗುರು ಆಮೇಲೆ. ಬಯಲಿನ ವ್ಯಾಲಿ ಓಕ್ ಅಂತರ್ಜಲವನ್ನೇ ಹುಡುಕಿ ಹೋಗುತ್ತೆ. ಗುಡ್ಡದ ಬ್ಲೂ ಓಕ್ ಇನ್ನೂ ಜಾಣ: ಬರ ಜೋರಾದರೆ ಬೇಸಿಗೆಯಲ್ಲೇ ಎಲೆ ಉದುರಿಸಿ ಸುಮ್ಮನೆ ನಿಲ್ಲುತ್ತೆ. ನೋಡಿದವರು ಸತ್ತೇಹೋಯ್ತು ಅಂದುಕೊಳ್ಳಬೇಕು. ಮುಂದಿನ ವಸಂತದಲ್ಲಿ ಮತ್ತೆ ಚಿಗುರುತ್ತೆ.

ಈ ಗುಣವೇ ಅದಕ್ಕೆ ಮುಳುವಾಯಿತು. ವ್ಯಾಲಿ ಓಕ್ ಇದ್ದಲ್ಲಿ ಮಣ್ಣು ಆಳ, ನೀರು ಹತ್ತಿರ ಅಂತ ರೈತರಿಗೆ ಗೊತ್ತಾಯ್ತು. ಕಡಿದರು. ಆಪ್ರಿಕಾಟ್, ಪ್ಲಮ್ ತೋಟಗಳು ಬಂದವು. 1950ರ ದಶಕದಿಂದ ಈಚೆಗೆ ಆ ತೋಟಗಳನ್ನೂ ಕಡಿದು ಕಂಪನಿಗಳು, ಮನೆಗಳು ಎದ್ದವು.

ಉಳಿದ ಮರಗಳ ಕಥೆ ನನಗೆ ಇನ್ನೂ ಸಂಕಟ. ಅವು ಮನೆಗಳ ಅಂಗಳಕ್ಕೆ ಸೇರಿಕೊಂಡವು. ಸುತ್ತ ಹುಲ್ಲುಹಾಸು, ಬೇಸಿಗೆಯಲ್ಲಿ ದಿನಾ ಸ್ಪ್ರಿಂಕ್ಲರ್. ಬಿಸಿ ಮಣ್ಣಲ್ಲಿ ಸದಾ ತೇವ ಇದ್ದರೆ ಬೇರಿಗೆ ಕೊಳೆರೋಗ ಹತ್ತುತ್ತೆ. ನೂರಾರು ವರ್ಷ ಬರ ಗೆದ್ದ ಮರ, ಪ್ರೀತಿಯಿಂದ ಹಾಕಿದ ನೀರಿಗೆ ಸಾಯುತ್ತೆ!

2017ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಎಸ್ಚುವರಿ ಇನ್ಸ್ಟಿಟ್ಯೂಟ್, ಸಿಲಿಕಾನ್ ವ್ಯಾಲಿಗೆ ಓಕ್ ಮರಳಿ ತರುವ ಬಗ್ಗೆ ಒಂದು ವರದಿ ಪ್ರಕಟಿಸಿತು. ರಸ್ತೆಬದಿ, ಕ್ಯಾಂಪಸ್, ಅಂಗಳ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ನೆಡಬಹುದು ಅನ್ನೋ ಲೆಕ್ಕಾಚಾರ. ನೆಡೋ ಕ್ರಮ ಮಾತ್ರ ಹಳೆಯದೇ. ಮಳೆ ಶುರುವಾಗುವಾಗ ಬೀಜವನ್ನು ಮರ ಇರಬೇಕಾದ ಜಾಗದಲ್ಲೇ ಊರಬೇಕು; ಕುಂಡದಲ್ಲಿ ಬಹಳ ದಿನ ಬಿಟ್ಟರೆ ತಾಯಿಬೇರು ಸುರುಳಿ ಸುತ್ತಿಕೊಳ್ಳುತ್ತೆ. ಜಿಂಕೆ ಮೇಯದ ಹಾಗೆ ಸುತ್ತ ಜಾಲರಿ. ಮೊದಲ ಎರಡು ಮೂರು ಬೇಸಿಗೆ ಆಗೊಮ್ಮೆ ಈಗೊಮ್ಮೆ, ಆಳಕ್ಕೆ ಇಳಿಯುವಷ್ಟು ನೀರು. ಆಮೇಲೆ ಪೈಪ್ ಸುತ್ತಿ ಒಳಗಿಡೋದೇ.